ಕೇರಾಫ್ ಪೋಸ್ಟಮ್ಮ, ಇಪ್ಪತ್ಮೂರು ಕಾಯಿಲೆ

ನಮ್ಮ ಸೋದರತ್ತೆಗೆ ಇಪ್ಪತ್ಮೂರು ಕಾಯಿಲೆಗಳಿವೆ. ಬಿ.ಪಿ., ಸಕ್ಕರೆ, ಮಂಡಿನೋವು ಬಿಡಿ, ಎಪ್ಪತ್ತು ದಾಟಿದವರಿಗೆ ಇವು ಇಲ್ಲದಿದ್ದರೆ ನೆಂಟರಿಷ್ಟರ ಮುಂದೆ ಮಾತಾಡಲು ವಿಷಯವೇ ಇರುವುದಿಲ್ಲ. ನಮ್ಮ ಅತ್ತೆಗೆ ಗಂಡಸರಿಗಷ್ಟೇ ಬರುವ ಪ್ರಾಸ್ಟೇಟ್ ತೊಂದರೆಯೂ ಇದೆ! ಹಾಲುಹಲ್ಲಿನ ಹುಳುಕೂ ಇದೆ. ಅತ್ತೆಯ ಬಾಯಲ್ಲಿರುವುದು ಕಟ್ಟಿಸಿದ ಹಲ್ಲಿನ ಸೆಟ್ಟು. ಟಿ.ಬಿ., ಅಪಸ್ಮಾರ, ಎದೆ ಡವಗುಟ್ಟಿ ನಿದ್ದೆ ಬಾರದ ಮನಸ್ಸಿನ ಕಾಯಿಲೆ, ಕುಡಿತ ಬಿಡಿಸುವ ಚಿಕಿತ್ಸೆ, ಎಲ್ಲವೂ ಉಂಟು. ಇವೆಲ್ಲದರ ಮೇಲೆ ಏಳು ತಿಂಗಳ ಬಸಿರು. ಅತ್ತೆಗೆ ಈಗ ಎಪ್ಪತ್ತೊಂದು, ಮದುವೆಯಾದವರಲ್ಲ, ಬೆಳಿಗ್ಗೆ ಸಂಜೆ ಲಿಂಗಪೂಜೆ ತಪ್ಪಿಸಿದವರಲ್ಲ. ಇದನ್ನೆಲ್ಲ ನಾನು ಕಟ್ಟಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ಹೇಳಿದ್ದು. ಕಂಪ್ಯೂಟರ್ ಹೇಳಿದ ಮೇಲೆ ಇಲ್ಲ ಅನ್ನಲು ನಾವ್ಯಾರು?

ಅತ್ತೆಯನ್ನು ಸ್ವಲ್ಪ ಪರಿಚಯ ಮಾಡಿಕೊಡಬೇಕು. ನಮ್ಮದು ಶನಿವಾರಸಂತೆ ಕಡೆಯ ಬೇಸಾಯದ ಮನೆ. ನಮ್ಮ ತಂದೆಯ ತಂಗಿಯಾದ ಇವರು ಇಪ್ಪತ್ತೈದನೇ ವಯಸ್ಸಿನಲ್ಲಿ ಪಾಲಿಬೆಟ್ಟದ ಹತ್ತಿರದ ಒಂದು ಸಣ್ಣ ಊರಿಗೆ ಬ್ರಾಂಚ್ ಪೋಸ್ಟಾಫೀಸು ನೋಡಿಕೊಳ್ಳಲು ಹೋದರು. ವರ್ಷದೊಳಗೆ ವಾಪಸ್ಸು ಬರುತ್ತಾಳೆ, ಗಂಡು ಹುಡುಕೋಣ ಅಂತ ಅಜ್ಜ ಹೇಳುತ್ತಿದ್ದರಂತೆ. ಅತ್ತೆ ಅಲ್ಲಿ ನಲವತ್ತು ವರ್ಷ ಇದ್ದರು, ನಿವೃತ್ತಿಯಾದ ಮೇಲೂ ಅಲ್ಲೇ ಇದ್ದಾರೆ. ಸುತ್ತ ಕಾಫಿ ಎಸ್ಟೇಟು, ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ತಮಿಳರು, ಮಲಯಾಳಿಗಳು, ಯರವರು, ಈಗೀಗ ಅಸ್ಸಾಮಿನವರು. ಕಾಫಿಹಣ್ಣು ಕೊಯ್ಯುವ ಪಿಕಿಂಗ್ ಮುಗಿದರೆ ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಹೋಗುವ ಆ ಜನರಿಗೆ ನೆಟ್ಟಗಿನ ವಿಳಾಸವೇ ಇರಲಿಲ್ಲ. ಹಾಗಾಗಿ ಎಲ್ಲರ ವಿಳಾಸವೂ ಒಂದೇ: ಕೇರಾಫ್ ಪೋಸ್ಟಮ್ಮ. ಹೆಸರು ಯಾರದಾದರೂ ಇರಲಿ, ಕೆಳಗಿನ ಸಾಲು ಮಾತ್ರ ಬದಲಾಗುತ್ತಿರಲಿಲ್ಲ. ಅತ್ತೆಯ ನಿಜವಾದ ಹೆಸರು ಏನೆಂದು ಆ ಊರಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಇಂಥ ಪೋಸ್ಟಮ್ಮನಿಗೆ ಒಂದು ವಿಚಿತ್ರ ನೇಮವಿತ್ತು. ಬೇರೆಯವರ ಕಾಗದ ಓದಬಾರದು! ಇದರಲ್ಲೇನು ವಿಚಿತ್ರ ಅನ್ನುತ್ತೀರಾ? ಲಕೋಟೆಯಾದರೆ ಸರಿ, ಅದು ಅಂಟಿಸಿರುತ್ತದೆ. ಪೋಸ್ಟ್‌ಕಾರ್ಡು? ಅದು ಬಾಯಿ ತೆರೆದುಕೊಂಡೇ ಹುಟ್ಟಿದ್ದು. ಅದನ್ನು ಓದದ ಪೋಸ್ಟ್‌ಮಾಸ್ಟರು ಭೂಮಿಯ ಮೇಲೆ ಇದ್ದಾರೆಯೇ? ಇದ್ದರು. ತಪಾಲು ಚೀಲ ಬಿಚ್ಚಿದ ಕೂಡಲೇ ಅತ್ತೆ ಕಾರ್ಡುಗಳನ್ನೆಲ್ಲ ಮಗುಚಿ ಹಾಕಿ ವಿಳಾಸದ ಬದಿ ಮೇಲೆ ಮಾಡುತ್ತಿದ್ದರು. ಹಂಚುವಾಗ ಕಾರ್ಡು ತಿರುಗಿತೋ, ತಕ್ಷಣ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಕನ್ನಡಕವಿಲ್ಲದೆ ಅವರಿಗೆ ಅಕ್ಷರ ಇರುವೆ ಸಾಲಿನಂತೆ ಕಾಣುತ್ತಿತ್ತಂತೆ.

ಒಮ್ಮೆ ನಮ್ಮ ತಂದೆ ತಂಗಿಯನ್ನು ನೋಡಲು ಹೊರಟರು. ಅಲ್ಲೇ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಗೆಳೆಯರಿಗೆ, ಗುರುವಾರ ಬರುತ್ತೇನೆ, ತಂಗಿಗೂ ತಿಳಿಸು ಅಂತ ಕಾರ್ಡು ಹಾಕಿದರು. ಗೆಳೆಯರು ಊರಲ್ಲಿರಲಿಲ್ಲ. ಕಾರ್ಡು ಮೂರು ದಿನ ಅತ್ತೆಯ ಮೇಜಿನ ಮೇಲೆಯೇ ಮಗುಚಿ ಮಲಗಿತ್ತು. ಗುರುವಾರ ಅಪ್ಪ ಗಂಟುಮೂಟೆ ಹೊತ್ತು ಬಂದರೆ ಮನೆಗೆ ಬೀಗ, ಅತ್ತೆ ರಜೆ ಹಾಕಿ ಮಡಿಕೇರಿಗೆ ಹೋಗಿದ್ದರು. ಸಂಜೆ ಬಂದ ತಂಗಿಯ ಮೇಲೆ ಅಪ್ಪ ಹರಿಹಾಯ್ದರು. ಕಾರ್ಡು ನಿನ್ನ ಕಣ್ಣ ಮುಂದೆಯೇ ಬಿದ್ದಿತ್ತಲ್ಲೇ, ಅಣ್ಣನ ಅಕ್ಷರ ಅಂತಲಾದರೂ ಗೊತ್ತಾಗಲಿಲ್ಲವೇ ಅಂದರು. ಅತ್ತೆ ಬೀಗ ತೆಗೆಯುತ್ತಾ, "ಗೊತ್ತಾಯ್ತು ಅಣ್ಣ. ಆದ್ರೆ ನಂಗೆ ಬರ್ದಿರ್ಲಿಲ್ವಲ್ಲ" ಅಂದರಂತೆ.

ಓದು ಬಾರದವರು ತಮ್ಮ ಕಾಗದ ತಂದು ಓದಿ ಹೇಳಿ ಅಂದರೆ ಮಾತ್ರ ಅತ್ತೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ ಹೇಳುತ್ತಿದ್ದರು. ಸಾವಿನ ಸುದ್ದಿ, ಓಡಿಹೋದ ಮಗಳ ಸುದ್ದಿ, ಜೈಲಿನಿಂದ ಬಂದ ಸುದ್ದಿ. ಮುಗಿದ ಮೇಲೆ ಕಾಗದ ಮಡಚಿ ಕೈಗೆ ಕೊಟ್ಟು ಒಂದೇ ಮಾತು ಹೇಳುತ್ತಿದ್ದರು: "ಓದ್ದೆ, ಮರ್ತೆ." ನಿಜವಾಗಿಯೂ ಮರೆಯುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನಲವತ್ತು ವರ್ಷದಲ್ಲಿ ಒಂದೇ ಒಂದು ಸುದ್ದಿ ಅತ್ತೆಯ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದೆವು, ಅತ್ತೆ ಅದರಲ್ಲೇ ಸಂಸಾರ ಮಾಡಿದರು.

ಕಾಲ ಬದಲಾಯಿತು, ಕಾಗದ ಹೋಗಿ ಮೊಬೈಲು ಬಂತು. ಮೊಬೈಲಿನ ಹಿಂದೆ ಓಟಿಪಿ ಬಂತು. ಲೈನಿನ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಸ್ವಂತ ಫೋನಿಲ್ಲ, ಇದ್ದರೂ ಅದು ಗಂಡನ ಜೇಬಿನಲ್ಲಿರುತ್ತದೆ. ಗ್ಯಾಸಿಗೆ, ರೇಷನ್ನಿಗೆ, ಬ್ಯಾಂಕಿಗೆ ನಂಬರು ಕೊಡಿ ಅಂದರೆ ಅವರು ಯಾರದು ಕೊಟ್ಟಾರು? ನಲವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಕೇರಾಫ್ ಪೋಸ್ಟಮ್ಮ! ದಿನಾ ಬೆಳಿಗ್ಗೆ ಅತ್ತೆಯ ಜಗಲಿಯಲ್ಲಿ ಪೋಸ್ಟಮ್ಮಾ, ನಂದು ಓಟಿಪಿ ಬಂತಾ ಅಂತ ಸಾಲು. ಅತ್ತೆ ಫೋನಿನ ಮೇಲೆ ಹೆಬ್ಬೆರಳು ಇಟ್ಟು, ಮೆಸೇಜಿನ ಉಳಿದ ಭಾಗ ಮುಚ್ಚಿ, ಆರು ಅಂಕಿ ಮಾತ್ರ ಓದಿ ಹೇಳುವರು. ಆ ಹೆಬ್ಬೆರಳಿನ ಮೇಲೆ ಇಡೀ ಊರಿಗೆ ನಂಬಿಕೆ.

ಆಸ್ಪತ್ರೆಗೆ ಹೋದಾಗಲೂ ಜನ ಅದೇ ನಂಬರು ಕೊಟ್ಟರು. ಪೇಟೆಯ ಆ ಆಸ್ಪತ್ರೆಯ ಹೆಸರು ನಾನು ಹೇಳುವುದಿಲ್ಲ, ಹೇಳಿದರೆ ಅತ್ತೆ ಬೈಯುತ್ತಾರೆ. ಅಲ್ಲಿನ ಕಂಪ್ಯೂಟರಿಗೆ ಒಂದು ನಂಬರಿಗೆ ಒಂದೇ ಹೆಸರು ಗೊತ್ತು. ಮೊದಲು ಮಂಡಿನೋವಿಗೆ ಹೋದವರು ಅತ್ತೆ, ಆದ್ದರಿಂದ ಆ ನಂಬರಿಗೆ ಅಂಟಿದ್ದು ಅತ್ತೆಯ ಹೆಸರು. ಆಮೇಲೆ ಆ ನಂಬರು ಹೇಳಿಕೊಂಡು ಬಂದವರ ಹೆಸರು ಒಳಗಿನ ಕಾಗದದಲ್ಲಿ ಸರಿಯಾಗಿಯೇ ಇರುತ್ತಿತ್ತು, ಆದರೆ ಪಟ್ಟಿಯಲ್ಲಿ ಕಾಯಿಲೆ ಹೋಗಿ ಕೂರುತ್ತಿದ್ದದ್ದು ಅತ್ತೆಯ ಹೆಸರಿನ ಮುಂದೆ. ಹೀಗೆ ಒಂದೊಂದಾಗಿ ಅತ್ತೆಗೆ ಇಪ್ಪತ್ಮೂರು ಕಾಯಿಲೆಗಳಾದವು. ಯಾರಿಗೂ ಇದು ಗೊತ್ತಿರಲಿಲ್ಲ, ಅತ್ತೆಗಂತೂ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಕರೆಗಳು ಶುರುವಾದಾಗ. ಮೊದಲ ಕರೆ ಮಾಡಿದ ಹುಡುಗಿ, ಮೇಡಂ, ಕಂಗ್ರಾಜುಲೇಷನ್ಸ್, ಏಳನೇ ತಿಂಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯ ರಕ್ತ ಕಾಪಿಡುವ ಯೋಜನೆ ಇದೆ ಅಂದಳು. ಅತ್ತೆ ಸಮಾಧಾನದಿಂದ, "ತಾಯಿ, ನಂಗೆ ಎಪ್ಪತ್ತೊಂದು" ಅಂದರು. ಆ ಹುಡುಗಿ ಏನು ಕಲಿತಿದ್ದಳೋ, ತಡವಾದ ಬಸಿರಿಗೆ ಬೇರೆ ಪ್ಯಾಕೇಜೇ ಇದೆ ಮೇಡಂ ಅಂದಳಂತೆ! ಮಾರನೇ ದಿನ ಪ್ರಾಸ್ಟೇಟ್ ಪುಡಿ ಮಾರುವವನು, ಅದರ ಮಾರನೇ ದಿನ ಟಿ.ಬಿ. ಇದ್ದವರಿಗೂ ಇನ್ಶೂರೆನ್ಸ್ ಕೊಡಿಸುವವನು. ಅವರ ಕೈಯಲ್ಲಿ ಆಯಾ ರೋಗಿಯ ವಯಸ್ಸು, ಕೆಲಸ, ಔಷಧಿ ಎಲ್ಲವೂ ಇತ್ತು, ಅತ್ತೆ ಬೇಡ ಅನ್ನುವ ಮೊದಲೇ ಗಡಗಡ ಓದಿಬಿಡುತ್ತಿದ್ದರು. ಅತ್ತೆಗೆ ಬಂದ ಕಷ್ಟ ಇದು. ಕಾರ್ಡಾದರೆ ಕನ್ನಡಕ ತೆಗೆಯಬಹುದು, ಕಿವಿಗೆ ಏನು ತೆಗೆಯುವುದು?

ಅತ್ತೆ ಒಂದು ಹಳೇ ರಿಜಿಸ್ಟರು ತೆಗೆದು ಗೆರೆ ಎಳೆದರು. ದಿನ, ಹೊತ್ತು, ಎಲ್ಲಿಂದ, ವಿಷಯ. ಪ್ರತಿ ಕರೆಗೂ ಒಂದು ಸಾಲು. 'ವಿಷಯ' ಎಂಬ ಕಾಲಮ್ಮಿನಲ್ಲಿ ಮಾತ್ರ ಪ್ರತಿಸಲವೂ ದುಂಡಗಿನ ಅಕ್ಷರದಲ್ಲಿ ಒಂದೇ ಒಕ್ಕಣೆ: 'ಕೇಳಲು ಇಷ್ಟವಿರಲಿಲ್ಲ, ಕೇಳಿಸಿತು.'

ಈ ಗಲಾಟೆಯ ನಡುವೆ ಅತ್ತೆಗೆ ಇನ್ನೊಂದು ಹುಚ್ಚು ಹಿಡಿಯಿತು. ನಾನು ತಿತಿಮತಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಒಂದು ದಿನ ಇದ್ದಕ್ಕಿದ್ದಂತೆ ಫೋನು ಮಾಡಿ, ಕಣ್ಣು ಮಂಜಾಗಿದೆ, ಪೇಪರು ಓದಲಾಗುತ್ತಿಲ್ಲ, ದಿನಾ ಸಂಜೆ ಬಂದು ಓದಿ ಹೇಳು ಅಂತ ಅಪ್ಪಣೆ ಮಾಡಿದರು. ಎಲ್ಲಿಯ ತಿತಿಮತಿ, ಎಲ್ಲಿಯ ಪಾಲಿಬೆಟ್ಟ! ಶಾಲೆ ಬಿಟ್ಟು ಸ್ಕೂಟರಿನಲ್ಲಿ ಹೋಗಿ, ಪೇಪರು ಓದಿ, ಆನೆಗಳು ರಸ್ತೆಗೆ ಇಳಿಯುವ ಮೊದಲು ಮನೆ ಸೇರಬೇಕು. ಕಣ್ಣಿನ ಡಾಕ್ಟರಿಗೆ ತೋರಿಸೋಣ ಅಂದರೆ ಬೇಡವಂತೆ. ಆದರೆ ಎರಡನೇ ದಿನ ನಾನು ಹೋದಾಗ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು, ಒಂದೇ ಏಟಿಗೆ! ಕೇಳಿದ್ದಕ್ಕೆ, ಸೂಜಿ ಬೇರೆ ಪೇಪರು ಬೇರೆ ಅಂದರು. ವಯಸ್ಸಾದ ಮೇಲೆ ಹಟ ಜಾಸ್ತಿ ಅಂತ ಮನೆಯವಳ ಹತ್ತಿರ ಗೊಣಗಿದೆ. ಅವಳು, ಹೋಗಿ ಬನ್ನಿ, ನೀವೂ ಯಾಕೋ ಮಂಕಾಗಿದ್ದೀರಿ, ಗಾಳಿ ಬದಲಾದ ಹಾಗಾಗುತ್ತದೆ ಅಂದಳು. ಅತ್ತೆಯ ಮನೆಯಲ್ಲಿ ಬೆಲ್ಲದ ಕಾಫಿ, ಅಕ್ಕಿರೊಟ್ಟಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಕಾಳುಮೆಣಸಿನ ಧಾರಣೆಯನ್ನೂ ಬಿಡದೆ ಓದಿಸುತ್ತಿದ್ದರು. ಮಧ್ಯೆ ಮಧ್ಯೆ ಶಾಲೆಯ ಸುದ್ದಿ ಕೇಳುತ್ತಿದ್ದರು.

ಅಷ್ಟರಲ್ಲಿ ಮುತ್ತು ಒಡೆಯಿತು. ಆಸ್ಪತ್ರೆಯಿಂದ ಸೋರಿದ ಪಟ್ಟಿಯ ಒಂದು ಹಾಳೆ ಯಾರದೋ ಕೈಯಿಂದ ಯಾರದೋ ಕೈಗೆ ಹೋಗಿ ಕೊನೆಗೆ ಊರಿನ ವಾಟ್ಸಾಪ್ ಗುಂಪಿಗೇ ಬಂದು ಬಿತ್ತು. ಅದರಲ್ಲಿ ಅತ್ತೆಯ ಹೆಸರು, ನಂಬರು, ಇಪ್ಪತ್ಮೂರು ಸಾಲು, ಇಪ್ಪತ್ಮೂರು ಕಾಯಿಲೆ. ಬೇರೆ ಯಾರ ಹೆಸರೂ ಇಲ್ಲ. ಆದರೆ ಊರಿನವರಿಗೆ ಬುದ್ಧಿಯಿಲ್ಲವೇ? ಪೋಸ್ಟಮ್ಮನ ನಂಬರು ಅಂದಮೇಲೆ ನಮ್ಮವರದ್ದೇ ಯಾರದೋ ಕಾಯಿಲೆ ಅಂತ ಎಲ್ಲರಿಗೂ ಹೊಳೆಯಿತು. ಟಿ.ಬಿ. ಯಾರದು? ಬಸಿರು ಯಾರದು, ಗಂಡನ ಫೋನು ಬಿಟ್ಟು ಈ ನಂಬರು ಯಾಕೆ ಕೊಟ್ಟಳು? ಟಿ.ಬಿ. ಎಂದು ಗೊತ್ತಾದರೆ ಕೆಲವು ಕಡೆ ಪಿಕಿಂಗಿಗೆ ಕರೆಯುವುದಿಲ್ಲ. ಮೇಲಿನ ಲೈನಿನಲ್ಲಿ ಒಂದು ಹುಡುಗಿಗೆ ಗಂಡು ಗೊತ್ತಾಗಿತ್ತು, ಅಪಸ್ಮಾರ ಅವಳದ್ದೇ ಇರಬೇಕು ಅಂತ ಯಾರೋ ಅಂದರು. ಒಂದು ಬೆರಳು ಒಬ್ಬರ ಕಡೆ ತಿರುಗಿದರೆ ಆ ಸಂಸಾರ ಅಲ್ಲಿಗೆ ಮುಗಿಯಿತು.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಆ ಇಪ್ಪತ್ಮೂರರಲ್ಲಿ ಒಂದು ಸಾಲು ನನ್ನದು. ನನಗೂ ಸ್ವಂತ ಫೋನಿದೆ. ಆದರೆ ಆಸ್ಪತ್ರೆಯ ಮೆಸೇಜು ಮನೆಯವಳ ಕಣ್ಣಿಗೆ ಬೀಳಬಾರದೆಂದು ಹೆಬ್ಬೆರಳಿನ ಮೇಲೆ ನಂಬಿಕೆಯಿಟ್ಟು ಅತ್ತೆಯ ನಂಬರು ಕೊಟ್ಟುಬಂದಿದ್ದೆ. ಅತ್ತೆಗೂ ಹೇಳಿರಲಿಲ್ಲ. ಯಾವ ಸಾಲು ಅಂತ ಆಮೇಲೆ ಹೇಳುತ್ತೇನೆ, ಹೇಳಲು ಧೈರ್ಯ ಬಂದದ್ದೇ ಈಚೆಗೆ. ಆ ಹಾಳೆಯನ್ನು ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಷ್ಟ್ರು ನನಗೇ ತೋರಿಸಿ ನಕ್ಕಾಗ ನಾನೂ ನಕ್ಕೆ. ಆಮೇಲೆ ಹಾಜರಿ ಪುಸ್ತಕ ಮರೆತೇ ಕ್ಲಾಸಿಗೆ ಹೋದೆ.

ಆ ಸಂಜೆ ಅತ್ತೆ ನನ್ನನ್ನು ಕರೆದುಕೊಂಡು ಊರಿನ ಚಹಾ ಅಂಗಡಿಗೆ ಹೊರಟರು. ಅಂಗಡಿ ನಡೆಸುವವರು ತಲಶ್ಶೇರಿ ಮೂಲದ ಮಾಪಿಳ್ಳೆ, ಊರಿಗೆಲ್ಲ ಕಾಕ, ಊರಿನ ಸುದ್ದಿಯೆಲ್ಲ ಅಲ್ಲಿಂದಲೇ ಬಟವಾಡೆ. ಒಳಗೆ ಹತ್ತು ಜನ ಫೋನು ಹಿಡಿದು ಟಿ.ಬಿ. ಯಾರದೆಂದು ಲೆಕ್ಕ ಹಾಕುತ್ತಿದ್ದರು. ಅತ್ತೆ ಹೋಗಿ ಬೆಂಚಿನ ಮೇಲೆ ಕೂತು ಹಾಲಿಲ್ಲದ ಕಟ್ಟನ್ ಚಾಯ ಹೇಳಿದರು. ಕಾಕ ಮೆಲ್ಲನೆ, "ಪೋಸ್ಟಮ್ಮಾ, ಆ ಪಟ್ಟಿಯಲ್ಲಿ ನಿಮ್ದು ಏದು, ಯಾವ್ದು?" ಅಂದರು. ಅಂಗಡಿ ಇಡೀ ಕಿವಿಯಾಯಿತು. ಅತ್ತೆ ಚಹಾ ಊದಿಕೊಂಡು, "ಎಲ್ಲಾ ನಂದೇ" ಅಂದರು. ಕಾಕ, ಪ್ರಾಸ್ಟೇಟ್ ಕೂಡವಾ ಅಂದರು. "ಕೂಡಾ." ಬಸಿರು? "ಅದೂ ನಂದೇ. ಏಳು ತುಂಬಿ ಎಂಟಕ್ಕೆ ಬಿತ್ತು. ಬಯಕೆಗೆ ನಾಕು ಸಿಹಿ ಉನ್ನಿಯಪ್ಪ ಕಟ್ಕೊಡು."

ಒಬ್ಬ ಕಿಸಕ್ಕೆಂದ, ಆಮೇಲೆ ಇಡೀ ಅಂಗಡಿ ನಕ್ಕಿತು. ನಗು ಮುಗಿದಾಗ ಯಾರ ಬಾಯಲ್ಲೂ ಪ್ರಶ್ನೆ ಉಳಿದಿರಲಿಲ್ಲ. ಅಂದಿನಿಂದ ಊರಿನಲ್ಲಿ ಯಾರಾದರೂ ಆ ಪಟ್ಟಿಯ ಮಾತೆತ್ತಿದರೆ ಕಾಕನೇ, ಅದು ಪೋಸ್ಟಮ್ಮಂದು, ಬಿಡಿ ಅಂತ ಬಾಯಿ ಮುಚ್ಚಿಸುತ್ತಿದ್ದರು. ಉನ್ನಿಯಪ್ಪದ ಕಾಸು ಮಾತ್ರ ತೆಗೆದುಕೊಳ್ಳಲಿಲ್ಲ, ಬಸುರಿಯ ಹತ್ತಿರ ಹೇಗೆ ತೆಗೆದುಕೊಳ್ಳುವುದು?

ಊರಿನ ಬಾಯಿ ಮುಚ್ಚಿತು, ಇನ್ನು ಆಸ್ಪತ್ರೆಯ ಸರದಿ. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ವಿಭೂತಿ ಧರಿಸಿ, ರಿಜಿಸ್ಟರು ಕಂಕುಳಲ್ಲಿಟ್ಟು ಹೊರಟರು. ಅಲ್ಲಿನ ಮ್ಯಾನೇಜರು ಬಹಳ ವಿನಯವಂತ. ಸಾರಿ ಮೇಡಂ, ತಪ್ಪು ನಮ್ಮದಲ್ಲ, ಸಾಫ್ಟ್‌ವೇರಿನವರದ್ದು, ಈಗ ಪಾಸ್‌ವರ್ಡ್ ಬದಲಾಯಿಸಿದ್ದೇವೆ ಅಂದ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಸೋರಿದ್ದು ಯಾವಾಗ ಗೊತ್ತಾಯಿತು ಅಂತ ಅತ್ತೆ ಕೇಳಿದರು. ತಿಂಗಳ ಹಿಂದೆಯೇ ಅಂದ. ಹಾಗಾದರೆ ನಮಗ್ಯಾಕೆ ಹೇಳಲಿಲ್ಲ? ಸುಮ್ಮನೆ ಗಾಬರಿ ಯಾಕೆ ಅಂತ ಮೇಡಂ. ಅತ್ತೆ ಎದ್ದು ನಿಂತರು. "ತಪಾಲು ಚೀಲ ಕಳ್ದೋದ್ರೆ ಬಸ್ಸಿನೋನ್ ಮೇಲೆ ಹೇಳಿ ನಾನು ಮನೆಗೋಗಂಗಿರ್ಲಿಲ್ಲ ಸ್ವಾಮಿ. ಸಹಿ ಹಾಕಿ ಇಸ್ಕೊಂಡೋಳು ನಾನು. ಜನದ ಹತ್ರ ಇಸ್ಕೊಂಡೋರು ನೀವು" ಅಂದು ಹೊರಟುಬಂದರು.

ಅಲ್ಲಿಂದ ನೇರ ಹೋದದ್ದು ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ. ಹೆಂಗಸರಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಬಡವರೇ ಆಗಬೇಕೆಂದಿಲ್ಲ. ಇದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ, ಅತ್ತೆಗೆ ಗೊತ್ತಿತ್ತು. ಅದರ ಭಿತ್ತಿಪತ್ರವನ್ನು ಪೋಸ್ಟಾಫೀಸಿನ ಗೋಡೆಗೆ ಅಂಟಿಸಿದ್ದು ಅವರೇ. ಸಿಕ್ಕಿದವಳು ಒಬ್ಬಳು ಕೊಡವರ ಹುಡುಗಿ, ಚುರುಕೆಂದರೆ ಚುರುಕು. ಅತ್ತೆಯನ್ನು ಆಂಟಿ ಅನ್ನುತ್ತಲೇ ಎಲ್ಲ ಬಿಡಿಸಿ ಹೇಳಿದಳು. ರೋಗಿಯ ಗುಟ್ಟು ಕಾಯುವುದು ವೈದ್ಯರ ಧರ್ಮ. ರೋಗಿ ತನ್ನ ದಾಖಲೆ ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕು. ಪಟ್ಟಿ ಕದ್ದವರ ಮೇಲೆ ಸೈಬರ್ ಪೊಲೀಸಿನಲ್ಲಿ ದೂರು ಕೊಡಬಹುದು. ಜೋಪಾನ ಮಾಡದ ಆಸ್ಪತ್ರೆಯ ಮೇಲೆ, ಸೇವೆಯಲ್ಲಿ ಕೊರತೆಯಾಯಿತೆಂದು ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಸೋರಿಕೆಯಾದರೆ ಯಾರ ವಿವರ ಸೋರಿತೋ ಅವರಿಗೆ ತಿಳಿಸಲೇಬೇಕೆಂದು ಹೊಸ ಕಾಯ್ದೆಯೂ ಬಂದಿದೆ ಆಂಟಿ, ಆದರೆ ಆ ಭಾಗ ಇನ್ನೂ ಜಾರಿಗೆ ಬಂದಿಲ್ಲ ಅಂದಳು. ಅತ್ತೆ ತಲೆಯಾಡಿಸಿ, "ಕಾಗ್ದ ಬಂದೈತೆ, ಬಟವಾಡೆ ಆಗಿಲ್ಲ ಅನ್ನು" ಅಂದರು. ಆ ಹುಡುಗಿ ಮೂರು ವರ್ಷ ಕಾನೂನು ಓದಿದ್ದು ಸಾರ್ಥಕವಾಯಿತೆಂಬಂತೆ ನಕ್ಕಳು.

ಪೊಲೀಸಿಗೆ ದೂರು ಕೊಟ್ಟರು. ಆಸ್ಪತ್ರೆಗೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದರೆಂದು ತಿಳಿದ ದಿನ ಅತ್ತೆ ಒಂದು ಹೊತ್ತು ಊಟ ಬಿಟ್ಟಿದ್ದರು, ಈಗ ಬೇರೆ ದಾರಿಯಿರಲಿಲ್ಲ. ಅರ್ಜಿ ತಲುಪಿದ ಘಳಿಗೆಯಿಂದ ಅವರ ಗಡಿಯಾರ ಶುರು. ಮೂರು ದಿನ, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮುಚ್ಚುವವರೆಗೆ ರಿಸೆಪ್ಷನ್ನಿನ ಎದುರು ಬುತ್ತಿ ಕಟ್ಟಿಕೊಂಡು ಕೂತರು. ಯಾರನ್ನೂ ಬೈಯಲಿಲ್ಲ. ಗಂಟೆಗೊಮ್ಮೆ ಎದ್ದು, "ಐವತ್ತೊಂದಾಯ್ತು ತಾಯಿ", "ಐವತ್ತೆರಡಾಯ್ತು ತಾಯಿ" ಅಂತ ಹೇಳಿ ಕೂರುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ಆ ರಿಸೆಪ್ಷನ್ ಹುಡುಗಿಯೇ ಒಳಗೆ ಹೋಗಿ ಜಗಳವಾಡಿ ದಾಖಲೆ ತಂದುಕೊಟ್ಟಳು.

ತಂದದ್ದು ಏನು ಅಂದುಕೊಂಡಿರಿ? ಮಂಡಿಯ ಫೈಲಲ್ಲ, ಆ ನಂಬರಿನ ಅಷ್ಟೂ ಫೈಲುಗಳ ಕಟ್ಟು! ಅಂದರೆ ಸೋರಿಕೆಯ ಬಗ್ಗೆ ದೂರು ಕೊಟ್ಟವರ ಕೈಗೆ ಮತ್ತೊಮ್ಮೆ ಸೋರಿಸಿದ್ದರು. ಅತ್ತೆ ಒಂದು ಹಾಳೆಯನ್ನೂ ತಿರುಗಿಸಲಿಲ್ಲ. ಕಟ್ಟನ್ನು ಮಗುಚಿ ಹಾಕಿ, ಮನೆಗೆ ತಂದು, ಬಟ್ಟೆ ಸುತ್ತಿ, ದಾರ ಬಿಗಿದು, ನಿವೃತ್ತಿಯಾದಾಗಿನಿಂದ ಎತ್ತಿಟ್ಟಿದ್ದ ಅರಗು ಕಾಯಿಸಿ ಐದು ಕಡೆ ಮುದ್ರೆ ಒತ್ತಿದರು. ನಾನು ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ. ಆ ಕಟ್ಟಿನೊಳಗೆ ನನ್ನ ಹಾಳೆಯೂ ಇತ್ತು, ಕಣ್ಣು ಪೇಪರಿನ ಮೇಲೆ ನಿಲ್ಲಲಿಲ್ಲ.

ಗ್ರಾಹಕರ ಆಯೋಗಕ್ಕೂ ದೂರು ಹೋಯಿತು, ಕೆಲವು ತಿಂಗಳ ಮೇಲೆ ಮಡಿಕೇರಿಯಲ್ಲಿ ವಿಚಾರಣೆ. ನಾನು ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಮುದ್ರೆ ಒತ್ತಿದ ಆ ಕಟ್ಟು ಆಯೋಗದ ಮೇಜಿನ ಮೇಲಿತ್ತು. ಆಸ್ಪತ್ರೆಯ ಪರ ಬಂದ ವಕೀಲರು ನುರಿತವರು. ಅವರ ವಾದ ಸರಳ. ಈ ತಾಯಿಯ ಮಂಡಿನೋವು ಊರಿಗೇ ಗೊತ್ತಿರುವ ವಿಷಯ, ಅದು ಸೋರಿದ್ದರಿಂದ ಇವರಿಗೇನು ನಷ್ಟ? ಉಳಿದ ಇಪ್ಪತ್ತೆರಡು ಇವರದ್ದಲ್ಲ ಎನ್ನುವುದಾದರೆ ಅವು ಯಾರದ್ದು? ಆ ಮುದ್ರೆ ಒಡೆಯಲಿ, ಹೆಸರುಗಳು ಹೊರಗೆ ಬರಲಿ, ನಷ್ಟವಾದವರೇ ಬಂದು ಕೇಳಲಿ. ಹೊರಗಿನವರಿಗೆ ಇದು ನ್ಯಾಯವಾದ ಮಾತೇ ಅನ್ನಿಸುತ್ತದೆ. ಆದರೆ ಲೈನಿನ ಆ ಹುಡುಗಿಯ ಮದುವೆ, ಟಿ.ಬಿ.ಯವರ ಕೂಲಿ, ನನ್ನ ಮಾನ, ಎಲ್ಲ ಆ ಐದು ಅರಗಿನ ಮುದ್ರೆಯ ಹಿಂದೆ ಇತ್ತು.

ಅಧ್ಯಕ್ಷರು ಅತ್ತೆಯ ಕಡೆ ತಿರುಗಿ, ನಿಮಗೆ ಏನು ನಷ್ಟವಾಗಿದೆ, ನೀವೇ ಹೇಳಿ ಅಂದರು. ಟೀ ಅಂಗಡಿಯಲ್ಲಿ ಹೇಳಿದ ಸುಳ್ಳನ್ನು ಅತ್ತೆ ಇಲ್ಲಿ ಹೇಳುವಂತಿರಲಿಲ್ಲ, ಪ್ರಮಾಣ ಮಾಡಿದ್ದರು. ಕೊರಳ ಲಿಂಗವನ್ನು ಸೆರಗಿನ ಮೇಲಿಂದ ಒಮ್ಮೆ ಮುಟ್ಟಿಕೊಂಡು ಎದ್ದು ನಿಂತರು.

"ಸ್ವಾಮಿ, ನಲ್ವತ್ ವರ್ಷ ಪೋಸ್ಟಾಫೀಸ್ನಾಗೆ ಕೂತಿದ್ದೆ. ತೆರ್ದಿರೋ ಕಾರ್ಡೂ ಓದ್ಲಿಲ್ಲ. ಜನ ನಂಬಿದ್ದು ಅದೊಂದ್ಕೇ, ನಂಗಿದ್ದ ಆಸ್ತೀನೂ ಅದೊಂದೇ. ಇವ್ರು ನಾನು ಬ್ಯಾಡ ಬ್ಯಾಡ ಅಂದ್ರೂ ಊರ್ನೋರ ನೋವೆಲ್ಲ ನನ್ ಕಿವೀಗೆ ಸುರಿಸ್ಬಿಟ್ರು. ಈಗ ದಾರೀಲಿ ಯಾರಾದ್ರೂ ಎದ್ರಿಗೆ ಬಂದ್ರೆ ನಂಗೆ ಅವ್ರ ಮುಖ ನೋಡಕ್ಕಾಗಲ್ಲ. ಅದೇ ನಷ್ಟ. ಮುದ್ರೆ ಒಡೀಬೇಕು ಅಂದ್ರೆ ಒಡೀರಿ, ಆದ್ರೆ ವಾರಸುದಾರ ಬಂದು ಸಹಿ ಹಾಕ್ದೆ ಕಾಗ್ದ ಬಿಚ್ಚಂಗಿಲ್ಲ. ಅದು ನನ್ ರೂಲಲ್ಲ, ಪೋಸ್ಟಾಫೀಸಿಂದು."

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಮುದ್ರೆ ಒಡೆಯುವ ಅಗತ್ಯ ಕಾಣುತ್ತಿಲ್ಲ, ಎರಡು ಕಡೆಯವರೂ ಕೂತು ಮಾತಾಡಿ ಅಂದರು. ಆಸ್ಪತ್ರೆಯವರೂ ದಣಿದಿದ್ದರು, ರಾಜಿಗೆ ಒಪ್ಪಿದರು. ಪರಿಹಾರ ಎಷ್ಟು ಕೇಳೋಣ ಆಂಟಿ ಅಂತ ವಕೀಲ ಹುಡುಗಿ ಕೇಳಿದರೆ ಅತ್ತೆ ಕೇಳಿದ್ದೇ ಬೇರೆ. ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ, ಅಂಟಿಸಿದ ಲಕೋಟೆಯಲ್ಲಿ ಕಾಗದ ಬರಬೇಕು. ಏನು ಸೋರಿತು, ಇನ್ನು ಸೋರದಂತೆ ಏನು ಮಾಡಿದ್ದೇವೆ, ತಪ್ಪಾಯಿತು ಕ್ಷಮಿಸಿ ಅಂತ ಅದರಲ್ಲಿರಬೇಕು. ರಾಜಿ ಮಾಡಿಕೊಂಡವಳು ನಾನು ಮಾತ್ರ, ಅವರು ಬೇರೆಯಾಗಿ ದಾವೆ ಹೂಡುವ ಹಕ್ಕು ಅವರ ಹತ್ತಿರವೇ ಇದೆ ಎಂಬುದನ್ನೂ ಬರೆಯಬೇಕು. ವಿಳಾಸ? ಕೇರಾಫ್ ಪೋಸ್ಟಮ್ಮ.

ಲಕೋಟೆಗಳು ಬಂದವು. ಅತ್ತೆ ನಿವೃತ್ತಿಯಾಗಿ ಆರು ವರ್ಷದ ಮೇಲೆ ಹಳೇ ಚೀಲ ಹೆಗಲಿಗೇರಿಸಿ, ಮಂಡಿ ನೋಯಿಸಿಕೊಂಡು, ಲೈನಿಂದ ಲೈನಿಗೆ ನಡೆದು ಬಟವಾಡೆ ಮಾಡಿದರು. ಯಾರಿಗೆ ಕೊಟ್ಟರು, ಯಾರು ಓದಿಸಿಕೊಂಡರು, ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಮೇಲಿನ ಲೈನಿನ ಹುಡುಗಿಯ ಮದುವೆ ನಡೆಯಿತೆಂಬುದಷ್ಟೇ ಗೊತ್ತು, ನಾನೂ ಊಟ ಮಾಡಿಬಂದೆ. ಆ ಹೊಕ್ಕುಳಬಳ್ಳಿಯ ಹುಡುಗಿ ಹೊಸ ಕೆಲಸಕ್ಕೆ ಸೇರಿದ ಮೇಲೂ ಒಮ್ಮೆ ಫೋನು ಮಾಡಿ, ಮೇಡಂ, ಹೆರಿಗೆ ಆಯಿತಾ ಅಂತ ಕೇಳಿದಳಂತೆ. ಆಯಿತು ತಾಯಿ, ಇಬ್ಬರೂ ಆರಾಮ ಅಂದರಂತೆ ಅತ್ತೆ.

ಮೊನ್ನೆ ಸಂಜೆ ನಾನು ಎಂದಿನಂತೆ ಪೇಪರು ಓದಲು ಹೋದೆ. ಕಾಫಿ ಲೋಟದ ಪಕ್ಕ ಒಂದೇ ಒಂದು ಲಕೋಟೆ ಮಗುಚಿ ಬಿದ್ದಿತ್ತು. ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಅದನ್ನು ನನ್ನ ಕಡೆ ಚಾಚಿದರು.

"ಮಗಾ, ನಿಂದೊಂದು ಕಾಗ್ದ ಬಂದೈತೆ."

ಮೇಜಿನ ಮೇಲೆ ಆ ರಿಜಿಸ್ಟರು ಇತ್ತು. ಯಾಕೋ ತೆರೆದೆ. ಒಂದು ಮಂಗಳವಾರ ಯಾವುದೋ ಮನಶ್ಶಾಂತಿ ಶಿಬಿರದವರ ಕರೆ ಬಂದಿತ್ತು. ವಿಷಯ: ಕೇಳಲು ಇಷ್ಟವಿರಲಿಲ್ಲ, ಕೇಳಿಸಿತು. ಕರೆ ಮಾಡಿದವನು ವಯಸ್ಸು, ಕೆಲಸ, ಮಾತ್ರೆ ಎಲ್ಲ ಓದಿರಬೇಕು. ಪೋಸ್ಟಮ್ಮನ ನಂಬರು ಕೊಟ್ಟುಬರುವ ನಲವತ್ತನಾಲ್ಕು ವರ್ಷದ ಹೈಸ್ಕೂಲು ಮೇಷ್ಟ್ರು ಇನ್ನೆಷ್ಟು ಜನ ಇದ್ದಾರೆ? ಅತ್ತೆ ಮೊದಲ ಸಲ ಪೇಪರು ಹಾಕಿಸಿದ್ದು, ಕಣ್ಣು ಮಂಜಾಯಿತು, ದಿನಾ ಬಾ ಎಂದು ನನ್ನನ್ನು ಕರೆದದ್ದು, ಅದರ ಮಾರನೇ ದಿನ ಬುಧವಾರ.

ಹೌದು, ಅದೇ ನನ್ನ ಸಾಲು. ಎದೆ ಡವಗುಟ್ಟಿ ನಿದ್ದೆ ಬಾರದ್ದು. ಹಾಜರಿ ಕರೆಯುತ್ತಾ ಕರೆಯುತ್ತಾ ಅರ್ಧದಲ್ಲಿ ಹೆಸರು ಮರೆತು ನಿಂತುಬಿಡುತ್ತಿದ್ದೆ. ಬದುಕಿ ಏನಾಗಬೇಕು ಅನ್ನಿಸಿದ ದಿನವೂ ಒಂದಿತ್ತು. ಊರಿನವರೆಲ್ಲ ನಗಿಸುವ ಮೇಷ್ಟ್ರು ಅನ್ನುವಾಗ ಇದನ್ನು ಯಾರ ಹತ್ತಿರ ಹೇಳುವುದು? ಮಾತ್ರೆ ನುಂಗುತ್ತಿದ್ದೆ. ಈಗ ಕೆಲವು ತಿಂಗಳಿಂದ ಸ್ವಲ್ಪ ಸ್ವಲ್ಪವಾಗಿ ನಿದ್ದೆ ಹತ್ತುತ್ತಿತ್ತು. ಮಾತ್ರೆಯಿಂದಲೇ ಅಂದುಕೊಂಡಿದ್ದೆ. ಅದು ಮಾತ್ರೆಯೂ ಹೌದು, ದಿನಾ ಸಂಜೆ ನನ್ನನ್ನು ಕೂರಿಸಿಕೊಂಡು ಕಾಳುಮೆಣಸಿನ ಧಾರಣೆ ಓದಿಸಿದ ಈ ಹಟಮಾರಿ ಮುದುಕಿಯೂ ಹೌದು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಅತ್ತೆ ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು.

ನಾನು ಕಣ್ಣೊರೆಸಿಕೊಂಡು, ಅತ್ತೆ, ಇವತ್ತು ಪೇಪರು ಬೇಡ, ಇದನ್ನೇ ಓದಲೇ ಅಂದೆ. ನಿನ್ನದು, ನಿನ್ನಿಷ್ಟ ಅಂದರು. ಲಕೋಟೆ ಒಡೆದು ಮೊದಲ ಸಾಲಿನಿಂದ ಓದಿದೆ. ನನ್ನ ಹೆಸರು, ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಕೊನೆಗೆ ಕ್ಷಮಿಸಿ ಎಂಬ ಮಾತು. ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ, ಕಾಗದ ಮಡಚಿ, ಮೇಜಿನ ಮೇಲಿಟ್ಟೆ.

ಅತ್ತೆ ಆರಿದ ಕಾಫಿಯನ್ನು ಬಿಸಿ ಮಾಡಲೆಂದು ಲೋಟ ಎತ್ತಿಕೊಂಡು ಎದ್ದರು. ಹೋಗುತ್ತಾ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು.

"ಕೇಳ್ದೆ, ಮರ್ತೆ. ನಾಳೀಕೆ ಬಾ. ಇವತ್ತಿನ್ ಪೇಪರ್ ಹಂಗೇ ಐತೆ."